ಗೊತ್ತು ಎಂದವನು

ತೊಟ್ಟಿ ತುಂಬಲು ಮೂರು ಗಂಟೆ ಬೇಕು. ನಲ್ಲಿಯನ್ನು ತಿರುಗಿಸಿ ಎದ್ದು ಹೋಗುವಂತೆಯೂ ಇಲ್ಲ. ಹಿಂದೊಮ್ಮೆ ಯಾರೋ ಹಾಗೆ ಹೋಗಿದ್ದರಿಂದ ಪಕ್ಕದ ಸಭಾಂಗಣದ ಪಿಯಾನೋ ಕಾಲಿನವರೆಗೆ ನೀರು ಹರಿದಿತ್ತಂತೆ. ಅಂದಿನಿಂದ ಗೋಡೆಯ ಮೇಲೆ ‘ದೀಕ್ಷಾಸ್ನಾನದ ತೊಟ್ಟಿ ತುಂಬುವವರೆಗೆ ಒಬ್ಬರು ಇಲ್ಲೇ ಇರತಕ್ಕದ್ದು’ ಎಂಬ ಕಾಗದ ಅಂಟಿಕೊಂಡಿದೆ. ಆದರೆ ಮಾರ್ಮನ್ ಎಂಬ ಕ್ರೈಸ್ತ ಸಭೆಯ ಪ್ರಚಾರಸೇವೆಗೆ ಹೊರಟ ಯುವಕರ ಲೆಕ್ಕದಲ್ಲಿ ‘ಒಬ್ಬರು’ ಎಂಬ ಸಂಖ್ಯೆಯೇ ಇಲ್ಲ. ಎರಡು ವರ್ಷ, ಎಲ್ಲಿ ಹೋದರೂ ಇಬ್ಬರು. ಸ್ನಾನದ ಮನೆಯ ಬಾಗಿಲು ಮುಚ್ಚಿದ ಹೊತ್ತನ್ನು ಬಿಟ್ಟರೆ ಒಬ್ಬನ ಕಣ್ಣಳತೆಯಲ್ಲಿ ಇನ್ನೊಬ್ಬ ಇರಲೇಬೇಕು. ಆದ್ದರಿಂದ ಆ ಶನಿವಾರ ಬೆಳಿಗ್ಗೆ ತೊಟ್ಟಿಯ ಅಂಚಿನಲ್ಲಿ ಅವನು ಕುಳಿತಿದ್ದ, ಬಾಗಿಲ ಬಳಿ ಅವನ ಜೊತೆಗಾರ ಕುಳಿತಿದ್ದ. ಬೆಳಗಿನ ಆರೂವರೆಗೆ ಅಲಾರಂ ಬಡಿಯುವ ಮೊದಲೇ ಎದ್ದು ಕುಳಿತು, ಅದು ಬಡಿದಾಗ ‘ಸರಿಯಾಗಿದೆ’ ಎಂದು ತಲೆಯಾಡಿಸುವ ಈ ಜೊತೆಗಾರನಿಗೆ ಉಳಿದ ಯುವಕರೆಲ್ಲ ಗಡಿಯಾರ ಎಂದು ಹೆಸರಿಟ್ಟಿದ್ದರು. ಗಡಿಯಾರ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

“ಮೊಣಕಾಲಿನ ಮಟ್ಟಕ್ಕೆ ಬಂತಾ?” ಎಂದು ಗಡಿಯಾರ ಕೇಳಿದ.

“ಮೀನಖಂಡದವರೆಗೆ.”

“ಹಾಗಾದ್ರೆ ಇನ್ನೂ ಒಂದೂಮುಕ್ಕಾಲು ಗಂಟೆ. ನಿನ್ನ ಭಾಷಣ ಇನ್ನೊಂದ್ಸಲ ಓದ್ಕೋ. ಕೊನೇ ಸಾಲು ಮಾತ್ರ ಮರೀಬೇಡ.”

ಕೊನೆಯ ಸಾಲನ್ನು ಮರೆಯುವ ಭಾಗ್ಯ ಅವನಿಗಿರಲಿಲ್ಲ. ‘ಇದು ಸತ್ಯವೆಂದು ನನಗೆ ಗೊತ್ತು’ ಎಂಬ ಆ ಸಾಲನ್ನು ಅವನು ಷೂ ಲೇಸು ಕಟ್ಟಲು ಕಲಿಯುವ ಮೊದಲೇ ಕಲಿತಿದ್ದ. ಅವರ ಸಭೆಯಲ್ಲಿ ತಿಂಗಳಿಗೊಂದು ಭಾನುವಾರ ಯಾರು ಬೇಕಾದರೂ ಎದ್ದು ಬಂದು ತಮ್ಮ ನಂಬಿಕೆಗೆ ಸಾಕ್ಷಿ ನುಡಿಯಬಹುದು. ಅಂಥ ಒಂದು ಭಾನುವಾರ, ನಾಲ್ಕು ವರ್ಷದ ಅವನನ್ನು ಅಮ್ಮ ಮೈಕಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿ, ಬಗ್ಗಿ, ಕಿವಿಯಲ್ಲಿ ಒಂದೊಂದೇ ತುಂಡು ಉಸುರಿದ್ದಳು. ನನಗೆ ಗೊತ್ತು. ನನಗೆ ಗೊತ್ತು. ದೇವರು ಇದ್ದಾನೆ. ದೇವರು ಇದ್ದಾನೆ. ಅಪ್ಪ ಅಮ್ಮ ಅಂದರೆ ನನಗೆ ಇಷ್ಟ. ಇಷ್ಟ. ಅಮ್ಮನ ಉಸಿರಿನಿಂದ ಕಿವಿಗೆ ಕಚಗುಳಿಯಾಗಿ ಅವನು ನಕ್ಕ, ಸಭೆಯೆಲ್ಲ ಕರಗಿಹೋಯಿತು. ವಾರವಿಡೀ ಊರಿನವರ ನಲ್ಲಿ ರಿಪೇರಿ ಮಾಡಿ ಭಾನುವಾರ ಸಂಬಳವಿಲ್ಲದೆ ಸಭೆಯನ್ನು ನಡೆಸುತ್ತಿದ್ದ ಅಪ್ಪ ವೇದಿಕೆಯ ಮೇಲಿಂದ ಕಣ್ಣೊರೆಸಿಕೊಂಡ. ಅಂದು ಮಗು ತಿಳಿದುಕೊಂಡದ್ದು ಇಷ್ಟೇ: ಈ ಎರಡು ಪದಗಳನ್ನು ಹೇಳಿದರೆ ದೊಡ್ಡವರು ಅಳುತ್ತಾರೆ, ಆಮೇಲೆ ಬಿಸ್ಕತ್ತು ಸಿಗುತ್ತದೆ. ದೇವರ ಬಗ್ಗೆ ಅವನಿಗೆ ಏನಾದರೂ ತಿಳಿದಿತ್ತೇ ಎಂದು ಯಾರೂ ಕೇಳಲಿಲ್ಲ. ಕೇಳುವುದು ಒಳ್ಳೆಯ ನಡತೆಯೂ ಅಲ್ಲ. ಸುಳ್ಳಿನಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವನ್ನು ಕಲ್ಪಿಸಿದವರು ಸುಳ್ಳು ಹೇಳುವವರೇ ಹೊರತು ಅದನ್ನು ನಂಬಿ ಕೆಟ್ಟವರಲ್ಲ. ಆದರೆ ಕಿವಿಯಲ್ಲಿ ಪ್ರೀತಿಯಿಂದ ಉಸುರಿದ್ದನ್ನು ಯಾವ ಜಾತಿಯ ಸುಳ್ಳು ಎನ್ನಬೇಕೆಂಬುದು ಹತ್ತೊಂಬತ್ತು ತುಂಬಿ ಅರ್ಧ ವರ್ಷ ಕಳೆದರೂ ಅವನಿಗೆ ಬಗೆಹರಿದಿರಲಿಲ್ಲ. ಶಾಲೆಯಲ್ಲಿ ಗಣಿತದ ಮೇಷ್ಟ್ರು ಒಬ್ಬರಿದ್ದರು. ಅವನು ಲೆಕ್ಕದ ಕೊನೆಯ ಉತ್ತರವನ್ನು ಪುಸ್ತಕದ ಹಿಂಬದಿಯಿಂದ ಇಳಿಸಿ, ನಡುವಿನ ಹೆಜ್ಜೆಗಳನ್ನು ಒಂದು ಗೀಟಿನಿಂದ ಮುಗಿಸಿದಾಗ, “ಉತ್ತರ ಸರಿ ಇದೆ, ಅದಕ್ಕೇ ಸೊನ್ನೆ” ಎಂದಿದ್ದರು. ತರಗತಿ ನಕ್ಕಿತ್ತು. ನೀರಿನ ಸದ್ದಿನೊಳಗಿಂದ ಆ ನಗು ಈಗಲೂ ಕೇಳುತ್ತಿದೆ ಎನಿಸಿ ಅವನು ನಲ್ಲಿಯನ್ನು ಕಾರಣವಿಲ್ಲದೆ ತುಸು ಬಿಗಿ ಮಾಡಿದ.

“ಯಾಕೆ ಬಿಗಿ ಮಾಡ್ತೀಯಾ? ತಡ ಆಗುತ್ತೆ.”

ಅವನು ಮತ್ತೆ ಸಡಿಲಿಸಿದ. ಎದೆಯ ಮೇಲಿನ ಕಪ್ಪು ಫಲಕ ನೀರಿನಲ್ಲಿ ತಲೆಕೆಳಗಾಗಿ ಅಲ್ಲಾಡಿತು. ಅದರ ಮೇಲೆ ಅವನ ಮನೆತನದ ಹೆಸರಿನ ಹಿಂದೆ ‘ಹಿರಿಯ’ ಎಂದು ಅಚ್ಚಾಗಿತ್ತು. ಗಲ್ಲದ ಮೇಲೆ ವಾರಕ್ಕೆರಡು ಸಲ ಕ್ಷೌರ ಮಾಡಿದರೆ ಸಾಕಾಗುವ ಹುಡುಗರನ್ನೆಲ್ಲ ಈ ಸೇವೆಯಲ್ಲಿ ಹಿರಿಯರೆಂದೇ ಕರೆಯುತ್ತಾರೆ. ಬೀದಿಯ ಜನ ಇದನ್ನು ಓದಿ ಮೊದಲು ಫಲಕವನ್ನೂ ಆಮೇಲೆ ಮುಖವನ್ನೂ ನೋಡಿ, ಯಾವುದೋ ಒಂದು ತಪ್ಪಾಗಿದೆ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಏಳು ತಿಂಗಳಲ್ಲಿ ಅವನು ತಟ್ಟಿದ ಬಾಗಿಲುಗಳ ಒಳಗಿಂದ ‘ಮನೆಯಲ್ಲಿ ಯಾರೂ ಇಲ್ಲ’ ಎಂಬ ದನಿ ಎಷ್ಟೋ ಸಲ ಕೇಳಿಬಂದಿತ್ತು. ಒಬ್ಬಾತ ಅವರ ಕರಪತ್ರವನ್ನು ಸಂತೋಷದಿಂದ ಪಡೆದು, ನಾಲ್ಕಾಗಿ ಮಡಿಸಿ, ಅವರೆದುರಿಗೇ ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟು, ಮೇಜನ್ನು ಒತ್ತಿ ನೋಡಿ, “ಬಹಳ ಉಪಕಾರ ಆಯ್ತು” ಎಂದಿದ್ದ. ಒಬ್ಬ ಅಜ್ಜಿ ಅವರಿಬ್ಬರ ಬಿಳಿ ಅಂಗಿ, ಟೈ ನೋಡಿ ಮೀಟರ್ ಓದುವವರೆಂದು ತಿಳಿದು ನೇರ ಮೆಟ್ಟಿಲ ಕೆಳಗೆ ಕರೆದೊಯ್ದಿದ್ದಳು. ಗಡಿಯಾರ ಅಲ್ಲಿ ದೇವರ ಮಾತೆತ್ತಿದಾಗ, “ಅದೆಲ್ಲ ಇರ್ಲಿ, ಹೋದ ತಿಂಗಳು ಅಷ್ಟು ಜಾಸ್ತಿ ಹೇಗೆ ಬಂತು ಹೇಳು” ಎಂದು ಪಟ್ಟು ಹಿಡಿದಿದ್ದಳು. ಗಡಿಯಾರನಿಗೆ ಇವೆಲ್ಲ ಪರೀಕ್ಷೆಗಳಾಗಿ ಕಂಡವು. ಅವನಿಗೆ ಮಾತ್ರ, ಬಾಗಿಲು ಮುಚ್ಚಿದಾಗಲೆಲ್ಲ ಸದ್ಯ ಮುಚ್ಚಿತಲ್ಲ ಎಂಬ ಹಗುರವಾದ, ನಾಚಿಕೆಗೇಡಿನ ಸಮಾಧಾನವೊಂದು ಆಗುತ್ತಿತ್ತು. ತೆರೆದ ಬಾಗಿಲಿನ ಹಿಂದೆ ಯಾರಾದರೂ ನಿಂತು ನಿಜವಾಗಿ ಕೇಳಿಬಿಟ್ಟರೆ?

ಹೊಲಿಗೆಯಮ್ಮ ಬಾಗಿಲು ತೆರೆದದ್ದು ದೇವರಿಗಾಗಿ ಅಲ್ಲ, ಅವನ ಪ್ಯಾಂಟಿಗಾಗಿ. ಮೂರನೆಯ ಮಹಡಿಯ ಆ ಒಂದೂವರೆ ಕೋಣೆಯಲ್ಲಿ ಅರುವತ್ತು ದಾಟಿದ ಆಕೆ ಒಬ್ಬಳೇ ಇದ್ದು, ಬೇರೆಯವರು ಹೊಲಿದು ಕೆಡಿಸಿದ್ದನ್ನು ಸರಿಪಡಿಸಿಕೊಡುತ್ತಿದ್ದಳು. ಬಾಗಿಲು ತೆರೆದವಳು ಇಬ್ಬರ ಮುಖವನ್ನೂ ನೋಡದೆ ಅವನ ಕಾಲಿನತ್ತ ಬೆರಳು ತೋರಿಸಿ, “ನೆಲ ಗುಡಿಸ್ತಾ ಇದೆಯಲ್ಲೋ! ಯಾರು ಹೊಲಿದಿದ್ದು ಇದನ್ನ? ಒಳಗೆ ಬಾ” ಎಂದಳು. ಕಾಲಂಚನ್ನು ಮಡಿಸಿ ಗುಂಡುಪಿನ್ನು ಚುಚ್ಚುತ್ತ ಆಕೆ ನೆಲದ ಮೇಲೆ ಕುಳಿತಿದ್ದಾಗ ಗಡಿಯಾರ ಮೊದಲನೆಯ ಪಾಠವನ್ನು ಆರಂಭಿಸಿಬಿಟ್ಟಿದ್ದ. ‘ಸೋದರಿ’ ಎಂದು ಸಂಬೋಧಿಸಿದ್ದಕ್ಕೆ, “ನಿನ್ನ ವಯಸ್ಸಿಗೆ ನಾನು ಸೋದರಿನಾ? ನಿಮ್ಮಮ್ಮನಿಗೆ ಕೇಳಿಸಿದ್ರೆ ನಗ್ತಾಳೆ” ಎಂದಳು, ಅಂದಿನಿಂದ ಇಬ್ಬರೂ ಅಮ್ಮ ಎಂದರು. ಆಕೆ ಇವರನ್ನು ಕೆಣಕಬೇಕೆನಿಸಿದಾಗ ಹಿರಿಯರೇ ಎನ್ನುತ್ತಿದ್ದಳು, ಮನಸ್ಸಿಗೆ ಬಂದಾಗ ಮಗು ಎನ್ನುತ್ತಿದ್ದಳು. ಪಾಠಗಳೆಲ್ಲ ಯಂತ್ರದ ಸದ್ದಿನ ನಡುವೆಯೇ ನಡೆದವು. ಮುಖ್ಯ ಮಾತು ಬಂದಾಗ ಆಕೆ ಪೆಡಲಿನಿಂದ ಕಾಲು ತೆಗೆಯುತ್ತಿದ್ದಳು; ಆ ನಿಶ್ಶಬ್ದಕ್ಕೆ ಅವನು ಹೆದರುತ್ತಿದ್ದ. ಹಾಗೆ ಕಾಲು ತೆಗೆದು, ತುಟಿಗಳ ನಡುವೆ ಮೂರು ಪಿನ್ನು ಕಚ್ಚಿಕೊಂಡೇ, ಆಕೆ ಒಂದು ದಿನ ಗಡಿಯಾರನನ್ನು ಬಿಟ್ಟು ಅವನನ್ನೇ ನೋಡಿ ಕೇಳಿದ್ದಳು: “ಅವನು ಬಿಡು, ಅವನಿಗೆ ಎಲ್ಲಾ ಗೊತ್ತು. ನೀನು ಹೇಳು. ಇದೆಲ್ಲ ನಿಜ ಅಂತ ನಿನಗೆ ಅನ್ನಿಸುತ್ತೋ, ಗೊತ್ತೋ?”

ಅನ್ನಿಸುತ್ತದೆ ಎನ್ನಲು ಅವನು ಬಾಯಿ ತೆರೆದಿದ್ದ. ಕೆಲವು ದಿನ ಅನ್ನಿಸುತ್ತದೆ ಎಂದಿದ್ದರೆ ಅಕ್ಷರಶಃ ಸತ್ಯವಾಗುತ್ತಿತ್ತು. ಆದರೆ ಗಡಿಯಾರ ಮುಂದಕ್ಕೆ ಬಾಗಿ ಕಾಯುತ್ತಿದ್ದ, ಪಿನ್ನುಗಳು ಹೊಳೆಯುತ್ತಿದ್ದವು, ಎಲ್ಲಿಂದಲೋ ಕಿವಿಗೆ ಕಚಗುಳಿಯಾಯಿತು. “ಗೊತ್ತು” ಎಂದ. ಆಕೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, “ಹಾಗಾದ್ರೆ ಸರಿ” ಎಂದಳು. ಅಷ್ಟೇ. ಮರುದಿನ ಕಾಫಿಪುಡಿಯ ಡಬ್ಬಿ ಕೆಳಮಹಡಿಯವರ ಮನೆ ಸೇರಿತು, ಏಕೆಂದರೆ ಮಾರ್ಮನ್ನರಿಗೆ ಕಾಫಿ ವರ್ಜ್ಯ. ನಲವತ್ತು ವರ್ಷದ ಅಭ್ಯಾಸವನ್ನು ನಿಲ್ಲಿಸಿದ ಆಕೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೊಲಿದಳು. ಭಾನುವಾರ ಮಧ್ಯಾಹ್ನಗಳಲ್ಲಿ ತಪ್ಪದೆ ಊಟಕ್ಕೆ ಬರುತ್ತಿದ್ದ ಆಕೆಯ ತಂಗಿ, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ರೇಗಿ, ಮೂರು ವಾರದಿಂದ ಬಂದಿರಲಿಲ್ಲ, ಫೋನನ್ನೂ ಎತ್ತುತ್ತಿರಲಿಲ್ಲ. ಇಷ್ಟೆಲ್ಲ ಒಂದು ಮಾತಿನ ಮೇಲೆ ನಿಂತಿತ್ತು. ಹೊಲಿಗೆಯಮ್ಮ ಇಂದು ಹನ್ನೊಂದಕ್ಕೆ ಈ ನೀರಿಗೆ ಇಳಿಯುವವಳು, ಇಳಿಸುವವನು ಅವನು. ಈ ವಿಷಯ ಹೇಳಿದಾಗ ಅಪ್ಪ ಫೋನಿನ ಪರದೆಯಲ್ಲಿ ಮತ್ತೊಮ್ಮೆ ಕಣ್ಣೊರೆಸಿಕೊಂಡಿದ್ದ.

ನೀರು ಮೊಣಕಾಲನ್ನು ದಾಟುವ ಹೊತ್ತಿಗೆ ಆಕೆಯೇ ಬಂದಳು. ಒಂದು ಗಂಟೆ ಮೊದಲೇ. ಸಭೆಯ ಬೀರುವಿನಲ್ಲಿದ್ದ ಬಿಳಿಯ ನಿಲುವಂಗಿಗಳನ್ನು ಹಿಂದಿನ ವಾರ ನೋಡಿ ಮೂಗು ಮುರಿದಿದ್ದವಳು, ತಾನೇ ಹೊಲಿದ ಒಂದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು.

“ಏನು ಹಿರಿಯರೇ, ನನ್ನ ಮುಳುಗಿಸೋಕೆ ಇಷ್ಟು ನೀರು ಬೇಕಾ? ನಾನೇನು ಎಮ್ಮೆನಾ?”

ಗಡಿಯಾರ ನಕ್ಕ. ಅವನು ನಗಲಿಲ್ಲ. ಎದ್ದುನಿಂತಾಗ ಒದ್ದೆಯಾದ ಪ್ಯಾಂಟಿನ ಕಾಲಂಚು, ಆಕೆ ಅಂದು ಸರಿಪಡಿಸಿದ್ದು, ಪಾದಕ್ಕೆ ಅಂಟಿತು. ಇನ್ನು ಸ್ವಲ್ಪ ಹೊತ್ತು ಕಳೆದರೆ ಜನ ಬರುತ್ತಾರೆ, ಜನ ಬಂದರೆ ಹೇಳಲಾಗುವುದಿಲ್ಲ, ಹೇಳಲಾಗದಿದ್ದರೆ ಎಷ್ಟು ನೆಮ್ಮದಿ ಎಂದು ಯೋಚಿಸುತ್ತಿದ್ದವನಿಗೆ ತನ್ನ ಬಾಯಿ ಆಗಲೇ ಮಾತಾಡುತ್ತಿರುವುದು ಕೇಳಿಸಿತು.

“ಅಮ್ಮ, ನಾನು ನಿಮಗೆ ಸುಳ್ಳು ಹೇಳಿದೆ. ಗೊತ್ತು ಅಂದೆನಲ್ಲ ಅವತ್ತು. ನನಗೆ ಗೊತ್ತಿಲ್ಲ. ಗೊತ್ತಾಗಬೇಕು ಅಂತ ಆಸೆ ಇದೆ. ಗೊತ್ತಿಲ್ಲ.”

ನೀರು ಬೀಳುತ್ತಲೇ ಇತ್ತು. ಬಾಗಿಲ ಬಳಿ ಗಡಿಯಾರ ಕುರ್ಚಿಯಿಂದ ಅರ್ಧ ಎದ್ದವನು, ಏಳಬೇಕೋ ಕೂರಬೇಕೋ ತಿಳಿಯದೆ ಹಾಗೇ ನಿಂತ.

“ಇನ್ನೊಂದ್ಸಲ ಹೇಳು” ಎಂದಳು ಹೊಲಿಗೆಯಮ್ಮ.

ಅವನು ಹೇಳಿದ.

“ಎರಡು ತಿಂಗಳು!” ಆಕೆಯ ದನಿ ಟೈಲ್ಸ್ ಗೋಡೆಗೆ ಬಡಿದು ಹಿಂದಿರುಗಿತು. “ಎರಡು ತಿಂಗಳು ತಲೆನೋವಲ್ಲಿ ಸತ್ತಿದೀನಿ ಕಣೋ, ನಿನ್ನ ಒಂದು ಮಾತಿಗೆ! ಡಬ್ಬಿ ತುಂಬ ಪುಡಿ ಇತ್ತು. ಹೊಸದು. ಅವಳು ಕೆಳಗಡೆ ದಿನಾ ಬೆಳಿಗ್ಗೆ ಮಾಡ್ತಾಳೆ, ಇಡೀ ಮೆಟ್ಟಿಲೆಲ್ಲ ಘಮ ಅನ್ನುತ್ತೆ, ನಾನು ಮೂಗು ಮುಚ್ಕೊಂಡು ಇಳೀತೀನಿ!”

“ತಪ್ಪಾಯ್ತು, ಅಮ್ಮ.”

“ತಪ್ಪಾಯ್ತಂತೆ.” ಆಕೆ ಪೇಪರಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಂಚಿನ ಮೇಲೆ ಕುಳಿತಳು. ಆಮೇಲೆ ಆಡಿದ ಮಾತಿನಲ್ಲಿ ರೇಗಾಟವಿರಲಿಲ್ಲ, ಅದಕ್ಕೇ ಅದು ಹೆಚ್ಚು ನೋಯಿಸಿತು. “ಕಾಫಿ ಹೋಗ್ಲಿ. ನನ್ನ ತಂಗಿ ಕೇಳಿದ್ಲು, ‘ಆ ಹುಡುಗರಿಗೇನು ಗೊತ್ತು?’ ಅಂತ. ಆ ಸಣ್ಣವನಿಗೆ ಗೊತ್ತು ಕಣೇ, ಕಣ್ಣು ನೋಡಿ ಹೇಳ್ತಾನೆ, ಅಂದೆ. ಜಗಳ ಆಡಿದೆ ನಿನ್ನ ಪರವಾಗಿ.”

ಏಳು ತಿಂಗಳ ಬೈಗುಳ, ನಗೆ, ನಾಯಿಗಳು, ಮೇಜಿನ ಕಾಲು, ಎಲ್ಲವನ್ನೂ ತಾಳಿದ್ದವನಿಗೆ ಇದನ್ನು ತಾಳುವುದು ಹೇಗೆಂದು ತಿಳಿಯಲಿಲ್ಲ. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆಂದು ಬಾಲ್ಯದಿಂದ ಕೇಳಿದ್ದ. ಹಗುರಾಗಲಿಲ್ಲ; ಹೊರೆ ಇಳಿದದ್ದು ಆಕೆಯ ಮಡಿಲಿಗೆ, ಬಿಳಿಯ ಬಟ್ಟೆಯ ಗಂಟಿನ ಮೇಲೆ. ತಡವಾಗಿ ಹೇಳಿದ ಸತ್ಯಕ್ಕೂ ತಪ್ಪು ವಿಳಾಸಕ್ಕೆ ಹೋದ ಕಾಗದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ: ಬರೆದವನಿಗೆ ಬರೆದ ತೃಪ್ತಿ, ತೊಂದರೆಯೆಲ್ಲ ಬೇರೆಯವರಿಗೆ.

“ಇಲ್ಲಿ ಖಾಲಿ ಕೋಣೆ ಯಾವುದಾದ್ರೂ ಇದೆಯಾ?” ಎಂದು ಆಕೆ ಎದ್ದಳು. “ನೀವಿಬ್ರೂ ಬಂದಾಗಲೆಲ್ಲ ನೀವೇ ಪ್ರಾರ್ಥನೆ ಮಾಡಿದ್ರಿ, ನಾನು ಕೊನೇಲಿ ಆಮೆನ್ ಅಂದೆ. ಈಗ ನಾನೇ ಕೇಳ್ತೀನಿ. ಯಾರೂ ಬರ್ಬೇಡಿ.”

“ಜನ ಹನ್ನೊಂದಕ್ಕೆ...” ಎಂದು ಗಡಿಯಾರ ಬಾಯಿಬಿಟ್ಟ.

“ಬರ್ಲಿ. ಕೂತ್ಕೊಳ್ಳಿ.”

ಮಕ್ಕಳ ತರಗತಿಯ ಬಾಗಿಲು ಮುಚ್ಚಿತು. ಅದರೊಳಗಿದ್ದವು ಮೊಣಕಾಲೆತ್ತರದ ಕುರ್ಚಿಗಳು ಮಾತ್ರ.

ಹನ್ನೊಂದಾಯಿತು. ಹನ್ನೆರಡು ಮಂದಿ ಬಂದು ಕುಳಿತರು. ಪಿಯಾನೋ ನುಡಿಸುವವಳು ಒಂದೇ ಹಾಡನ್ನು ನಾಲ್ಕನೆಯ ಸಲ ಮುಗಿಸಿದಳು. ಇಲ್ಲಿಯ ಸಭೆಯ ಮುಖಂಡರು ವಾರದ ದಿನಗಳಲ್ಲಿ ಬಸ್ ಡ್ರೈವರು. ಅವರು ತೊಟ್ಟಿಯ ಬಳಿ ಬಂದು, ವಿಷಯವನ್ನು ಗಡಿಯಾರನ ಬಾಯಿಂದ ಕೇಳಿ, ಅವನತ್ತ ತಿರುಗಿದರು. ಛೀಮಾರಿಗಾಗಿ ಅವನು ಕುತ್ತಿಗೆ ಬಗ್ಗಿಸಿದ. ಒಳಗೊಳಗೆ ಅದಕ್ಕಾಗಿ ಹಂಬಲಿಸಿದ ಎಂದರೂ ತಪ್ಪಿಲ್ಲ, ಶಿಕ್ಷೆಯಾದರೆ ಲೆಕ್ಕ ಮುಗಿಯುತ್ತದೆ.

“ಬಸ್ಸು ತಡ ಆದ್ರೆ ಜನ ಬೈತಾರೆ” ಎಂದರು ಡ್ರೈವರು. “ಆದ್ರೆ ಹತ್ತೋರು ಹತ್ತೋವರೆಗೂ ನಾನು ಬಾಗಿಲು ಹಾಕಲ್ಲಪ್ಪ. ಕಾಯೋಣ. ನೀರು ತಣ್ಣಗಾಗುತ್ತೆ, ಅಷ್ಟೇ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಭಾಷಣ ಮಾಡೋದಿದ್ರೆ, ಆ ಕೊನೇ ಸಾಲು ಬಿಟ್ಬಿಡು. ಯಾರೂ ಸಾಯಲ್ಲ.”

ಅವನು ಅಂಚಿನಲ್ಲಿ ಮತ್ತೆ ಕುಳಿತ. ಪ್ರಾರ್ಥಿಸಬೇಕೆಂದು ತೋರಿ, ಅಭ್ಯಾಸಬಲದಿಂದ ಪರಲೋಕದ ತಂದೆಯೇ, ಈ ದಿನಕ್ಕಾಗಿ ನಾವು ನಿನಗೆ ಕೃತಜ್ಞರು ಎಂದು ಆರಂಭಿಸಿದ. ಅಷ್ಟಕ್ಕೇ ನಿಂತ, ಏಕೆಂದರೆ ಈ ದಿನಕ್ಕಾಗಿ ಅವನಿಗೆ ಕಿಂಚಿತ್ತೂ ಕೃತಜ್ಞತೆ ಇರಲಿಲ್ಲ; ಇಂದಿಗೆ ಸಾಕಷ್ಟು ಸುಳ್ಳಾಗಿತ್ತು. ಆಮೇಲೆ, ನೋಡು, ಎಂದ. ಆಕೆ ಒಳಗಿದ್ದಾಳೆ. ಆ ಕುರ್ಚಿ ಚಿಕ್ಕದು, ಆಕೆಗೆ ಸೊಂಟ ನೋವಿದೆ, ಬೇಗ ಏನಾದರೂ ಹೇಳು. ನನಗೆ ಹೇಳದಿದ್ದರೆ ಬೇಡ, ನನ್ನ ಸರದಿ ಆಮೇಲೆ ಬರಲಿ. ಆಕೆ ಇದು ಬೇಡವೆಂದು ಮನೆಗೆ ಹೋದರೂ ಸರಿ, ನಾನೇ ನೀರು ಖಾಲಿ ಮಾಡಿ ತೊಟ್ಟಿ ಉಜ್ಜುತ್ತೇನೆ. ಆದರೆ ಆ ತಂಗಿ ಫೋನ್ ಎತ್ತಲಿ. ಇಷ್ಟು ಮಾಡು. ಇಷ್ಟಾದರೂ ಮಾಡು. ಹೀಗೆ ಒಂದು ಬಿಟ್ಟು ಒಂದು ಕೇಳುತ್ತ, ಒಂದು ಕಡಿಮೆ ಮಾಡಿ ಇನ್ನೊಂದಕ್ಕೆ ಪಟ್ಟು ಹಿಡಿಯುತ್ತ ಇದ್ದವನಿಗೆ, ಬಹಳ ಹೊತ್ತಿನ ಮೇಲೆ, ತಾನು ಚೌಕಾಸಿ ಮಾಡುತ್ತಿದ್ದೇನೆಂಬುದು ಅರಿವಾಯಿತು. ಖಾಲಿ ಅಂಗಡಿಯ ಮುಂದೆ ನಿಂತು ಯಾರೂ ಚೌಕಾಸಿ ಮಾಡುವುದಿಲ್ಲ. ಮೈ ಜುಮ್ಮೆನ್ನಲಿಲ್ಲ, ಬೆಳಕು ಬರಲಿಲ್ಲ, ಸಾಕ್ಷಿ ನುಡಿಯುವವರು ವರ್ಣಿಸುವಂತೆ ಎದೆ ಬೆಚ್ಚಗೂ ಆಗಲಿಲ್ಲ. ಕೂತಲ್ಲಿ ಪ್ಯಾಂಟು ಇನ್ನಷ್ಟು ಒದ್ದೆಯಾಗಿತ್ತು. ಆದರೂ ನಾಲ್ಕು ವರ್ಷದವನಾಗಿದ್ದಾಗಿನಿಂದ ಮೊದಲ ಸಲ ಅವನು ಯಾರೂ ಕಿವಿಯಲ್ಲಿ ಹೇಳಿಕೊಡದ ಮಾತನ್ನು ಆಡಿದ್ದ, ಯಾರಿಗೋ ಆಡಿದ್ದ. ಇದನ್ನು ‘ಗೊತ್ತು’ ಎನ್ನುವಂತಿಲ್ಲ. ಇದಕ್ಕಿರುವ ಬೇರೆ ಹೆಸರನ್ನು ಅವನು ಏಳು ತಿಂಗಳು ಬಾಗಿಲು ಬಾಗಿಲಿಗೆ ಹೋಗಿ ಬೇರೆಯವರಿಗೆ ವಿವರಿಸಿದ್ದ, ಚಿತ್ರಗಳಿದ್ದ ಕರಪತ್ರದ ಸಹಿತ.

ಹನ್ನೊಂದೂ ನಲವತ್ತಕ್ಕೆ ಬಾಗಿಲು ತೆರೆಯಿತು. ಹೊಲಿಗೆಯಮ್ಮ ತಾನೇ ಹೊಲಿದ ಬಿಳಿಯ ಉಡುಪಿನಲ್ಲಿ ನಿಂತಿದ್ದಳು. ಹೊಲಿಗೆಗಳು ನೇರ, ತೋಳಿನ ಅಂಚು ಸರಿಯಾಗಿ ಮಣಿಗಂಟಿಗೆ. ಕಣ್ಣು ಕೆಂಪಾಗಿತ್ತು. ಸೊಂಟಕ್ಕೆ ಕೈ ಕೊಟ್ಟುಕೊಂಡಿದ್ದಳು.

“ಉತ್ತರ ಬಂತಾ, ಅಮ್ಮ?” ಗಡಿಯಾರನಿಗೆ ತಡೆಯಲಾಗಲಿಲ್ಲ.

“ಅದು ನನಗೂ ಆತನಿಗೂ ಇರೋ ಮಾತು. ನಿನಗೆ ಯಾಕೆ?” ಆಕೆ ಮುಂದೆ ನಡೆದಳು. “ನೀರು ಆರಿಹೋಗ್ತಾ ಇದೆ, ನಡೀರಿ.”

“ಯಾರು ಇಳಿಸಬೇಕು? ಬೇರೆ ಯಾರಾದರೂ...” ಎಂದು ಅವನು ತಡವರಿಸಿದ.

“ಬೇರೆ ಯಾಕೆ? ಸುಳ್ಳು ಹೇಳಿದವನು ನೀನು, ತಣ್ಣೀರಲ್ಲೂ ನೀನೇ ನಿಲ್ಲು.”

ಭಾಷಣದಲ್ಲಿ ಅವನು ಮೂರು ವಾಕ್ಯ ಆಡಿದ. ತನಗೆ ಗೊತ್ತಿಲ್ಲವೆಂದ, ನಂಬಲು ಮನಸ್ಸಿದೆಯೆಂದ, ಇವರಿಂದ ಕಲಿಯುತ್ತಿದ್ದೇನೆಂದು ಹೊಲಿಗೆಯಮ್ಮನ ಕಡೆ ತೋರಿಸಿ ಕೂತುಬಿಟ್ಟ. ಯಾರೂ ಅಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಬಿಳಿಯ ಬಟ್ಟೆಯಲ್ಲಿ ಅವನು ಮೊದಲು ಇಳಿದು ಕೈ ನೀಡಿದ. ನೀರು ನಿಜಕ್ಕೂ ತಣ್ಣಗಿತ್ತು. ಆಕೆ ಮೆಟ್ಟಿಲು ಮೆಟ್ಟಿಲಿಗೂ ಒಂದೊಂದು ಉದ್ಗಾರ ತೆಗೆಯುತ್ತ ಬಂದು ಅವನ ಮಣಿಗಂಟನ್ನು ಎರಡೂ ಕೈಯಲ್ಲಿ ಹಿಡಿದಳು, ಉಗುರು ಊರುವಷ್ಟು ಬಿಗಿಯಾಗಿ. ಅಂಚಿನ ಎರಡು ಕಡೆ ಸಾಕ್ಷಿಗಳು ನಿಂತರು: ಒಂದು ಕಡೆ ಡ್ರೈವರು, ಇನ್ನೊಂದು ಕಡೆ ಕನ್ನಡಕದ ಅಂಗಡಿಯ ಯಜಮಾನರು. ದೇಹ ಪೂರ್ತಿ ಮುಳುಗಿತೇ ಎಂದು ನೋಡುವುದು ಅವರ ಕೆಲಸ. ಬಟ್ಟೆಯ ಚೂರು ಮೇಲುಳಿದರೂ ಮೊದಲಿಂದ ಮಾಡಬೇಕು.

“ಮಗು” ಎಂದು ಆಕೆ ಪಿಸುಗುಟ್ಟಿದಳು. “ನನಗೆ ನೀರಂದ್ರೆ ಭಯ. ಹಿಂದಕ್ಕೆ ಬೀಳ್ಬೇಕಲ್ಲ. ಕೈ ಬಿಡಲ್ಲ ತಾನೆ?”

“ಬಿಡಲ್ಲ, ಅಮ್ಮ.”

ಈ ಸಲ ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಬಲಗೈ ಎತ್ತಿ, ವಿಧಿಯ ಮಾತುಗಳನ್ನು ಹೇಳಿದ. ಆಕೆ ಕಣ್ಣು ಮುಚ್ಚಿ ಹಿಂದಕ್ಕೆ ಬಾಗಿದಳು. ಅರುವತ್ತು ವರ್ಷದ ಇಡೀ ಭಾರ ಅವನ ಎಡತೋಳಿಗೆ ಬಂತು, ನೀರು ಮುಖವನ್ನು ಮುಚ್ಚಿತು. ಕೆಮ್ಮುತ್ತ, ಕೂದಲಿಂದ ನೀರಿಳಿಸುತ್ತ ಆಕೆ ಮೇಲೆದ್ದಾಗ ಡ್ರೈವರು ತಲೆಯಾಡಿಸಿದರು. ಕನ್ನಡಕದವರು ಇಲ್ಲವೆಂದು ತಲೆ ಅಡ್ಡಡ್ಡ ಆಡಿಸಿದರು.

“ಎಡಗಾಲಿನ ಹೆಬ್ಬೆರಳು” ಎಂದರು, ತುಂಬ ಸಂಕೋಚದಿಂದ. “ಮೇಲೆ ಬಂತು. ನಾನು ನೋಡಿದೆ.”

ಮುಖದ ಮೇಲಿನ ನೀರನ್ನು ಒರೆಸಿಕೊಂಡು ಹೊಲಿಗೆಯಮ್ಮ ಮೊದಲು ತನ್ನ ಕಾಲನ್ನು, ಆಮೇಲೆ ಅವನನ್ನು ನೋಡಿದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ನಗು ಬಂದೇಬಂತು.

“ಅದಕ್ಕೆ ಇನ್ನೂ ಸಂಶಯ ಇರ್ಬೇಕು ಕಣೋ. ಇರ್ಲಿ, ಅದನ್ನೂ ಜೊತೆಗೇ ಮುಳುಗಿಸು.”

ಅವನು ಕಾಲನ್ನು ಸರಿಯಾಗಿ ಊರಿ ನಿಂತ. ಆಕೆ ಮತ್ತೆ ಮಣಿಗಂಟು ಹಿಡಿಯುವವರೆಗೆ ಕಾದು, ಬಲಗೈಯನ್ನು ಎತ್ತಿ, ಮೊದಲ ಪದದಿಂದ ಆರಂಭಿಸಿದ, ನಿಧಾನವಾಗಿ, ಒಂದೊಂದು ಪದವನ್ನೂ ತಾನೂ ಕೇಳಿಸಿಕೊಳ್ಳುತ್ತ.